ಗೊರಕೆ ಫಿರಂಗಿ

ನನ್ನ ಸೋದರಮಾವ ಯಾರ ಕಣ್ಣನ್ನೂ ನೋಡಿ ಮಾತಾಡಿದವರಲ್ಲ. ಬಾಯಿ ನೋಡಿ ಮಾತಾಡುತ್ತಿದ್ದರು. ಹಲ್ಲಿನ ವೈದ್ಯರಿಗೆ ಇದು ವೃತ್ತಿಯಿಂದ ಅಂಟಿಕೊಂಡ ಚಾಳಿಯೆಂದು ಕ್ಷಮಿಸಬಹುದು, ಆದರೆ ಎದುರು ನಿಂತವರ ಪಾಡು ಹೇಳತೀರದು. ಅಂಗಡಿಯ ಸಾಲಿನಲ್ಲಾಗಲಿ, ಮದುವೆಯ ಮನೆಯಲ್ಲಾಗಲಿ, ಕಡೆಗೆ ಸಾವಿನ ಮನೆಯಲ್ಲೇ ಆಗಲಿ, ಅವರು ತಲೆಯನ್ನು ಒಂದಿಷ್ಟು ಓರೆ ಮಾಡಿ "ಹೇಗಿದ್ದೀರಿ?" ಎಂದು ವಿಚಾರಿಸಿದೊಡನೆ, ಎದುರಿನವರು ತಮಗೇ ಅರಿವಿಲ್ಲದೆ ತುಟಿ ಬಿಗಿಹಿಡಿದು, ಬಾಯಿಗೆ ಕೈ ಅಡ್ಡವಿಟ್ಟು, ಮೂಗಿನಿಂದಲೇ ಉತ್ತರ ಕೊಟ್ಟು ಜಾಗ ಖಾಲಿ ಮಾಡುತ್ತಿದ್ದರು. ಊರಿನವರ ಹೆಸರುಗಳು ಅವರಿಗೆ ನೆನಪಿರುತ್ತಿರಲಿಲ್ಲ. ಯಾರ ಮಾತಾದರೂ ಬಂದರೆ, "ಯಾರು, ಆ ಕೆಳಗಿನ ದವಡೆ ಟೊಳ್ಳಾಗಿರೋರಾ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿದ ಅತ್ತೆಯ ಕಣ್ಣಿನ ಬಣ್ಣ ಯಾವುದೆಂದು ಕೇಳಿದ್ದರೆ ತಡವರಿಸುತ್ತಿದ್ದರೇನೋ. ಆಕೆಯ ಬಲಗಡೆಯ ಕೋರೆಹಲ್ಲು ಸ್ವಲ್ಪ ಒಳಗೆ ತಿರುಗಿದೆ ಎಂಬುದನ್ನು ಮಾತ್ರ ಕೇಳದವರಿಗೂ ಹೇಳುತ್ತಿದ್ದರು.

ಜೀವಮಾನವೆಲ್ಲ ಕುರ್ಚಿಯ ಒಂದೇ ಪಕ್ಕದಲ್ಲಿ ಬಾಗಿ ನಿಂತು ಅವರ ದೇಹ ಬಲಕ್ಕೆ ವಾಲಿಕೊಂಡಿತ್ತು. ಬೀದಿಯಲ್ಲಿ ನಡೆಯುವಾಗ ಪಕ್ಕದಲ್ಲಿ ಯಾರೋ ಗುಟ್ಟು ಹೇಳುತ್ತಿದ್ದಾರೆ, ಇವರು ಬಗ್ಗಿ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ ಕಾಣುತ್ತಿತ್ತು. ಮೈಮೇಲೆ ಸದಾ ಒಂದು ಬಿಳಿಯ ಕೋಟು, ಅಥವಾ ಒಂದಾನೊಂದು ಕಾಲಕ್ಕೆ ಬಿಳಿಯದಾಗಿದ್ದ ಕೋಟು. ತರಕಾರಿ ತರುವುದಕ್ಕೂ ಅದೇ, ನೆಂಟರ ಮನೆಗೂ ಅದೇ. ಅದರ ಜೇಬುಗಳಲ್ಲಿ ಹತ್ತಿಯ ಉಂಡೆ, ಹಿಡಿಕೆಯಿದ್ದ ಪುಟ್ಟ ಕನ್ನಡಿ, ಅಚ್ಚು ತೆಗೆಯುವ ಮೇಣದ ತುಂಡುಗಳು ಒಟ್ಟಿಗೆ ಬಾಳ್ವೆ ಮಾಡುತ್ತಿದ್ದವು. ಲವಂಗದೆಣ್ಣೆಯ ವಾಸನೆ ಅವರಿಗಿಂತ ಮೊದಲು ಮನೆಯೊಳಕ್ಕೆ ಬಂದು, ಅವರು ಹೋದ ಮೇಲೂ ಕೊಂಚ ಹೊತ್ತು ಕೂತಿರುತ್ತಿತ್ತು. ಇದೆಲ್ಲಕ್ಕೂ ಕಲಶವಿಟ್ಟಂತೆ ಅವರಿಗೊಂದು ಮಾತಿನ ಚಟ. ಏನಾದರೂ ಹಸಿಹಸಿ ಸುಳ್ಳು ಹೇಳುವ ಮೊದಲು ರೇಡಿಯೋದ ವಾರ್ತಾವಾಚಕರ ಗಾಂಭೀರ್ಯದಿಂದ ಗಂಟಲು ಸರಿಮಾಡಿಕೊಂಡು, "ನಂಬಲರ್ಹ ಮೂಲಗಳ ಪ್ರಕಾರ" ಎಂದು ಆರಂಭಿಸುತ್ತಿದ್ದರು. ಆ ಮೂರು ಪದ ಕಿವಿಗೆ ಬಿದ್ದರೆ ಬಲ್ಲವರು ನಗಲು ಸಿದ್ಧರಾಗುತ್ತಿದ್ದರು, ಅರಿಯದವರು ಬಾಯಿ ತೆರೆಯುತ್ತಿದ್ದರು. ಮಾವನಿಗೆ ಬೇಕಾದದ್ದೂ ಅದೇ, ಬಾಯಿ ತೆರೆಯುವುದು.

ಆ ವರ್ಷ ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಊರಿನ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಕೆಳಗೆ ಮುಂದಿನ ಹಜಾರದಲ್ಲಿ ಕಾಯುವವರ ಬೆಂಚು, ಒಳಗೆ ಚಿಕಿತ್ಸೆಯ ಕೋಣೆ, ಅದರ ಹಿಂದೆ ಅಡುಗೆಮನೆ. ಅತ್ತೆ ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ಮಾವನ ಇಕ್ಕಳಗಳನ್ನು ಕುದಿಸುತ್ತಿದ್ದರು, ಮತ್ತು ಎರಡನ್ನೂ ಎಂದೂ ಅದಲು ಬದಲು ಮಾಡಿದ್ದಿಲ್ಲ ಎಂದು ಹೆಮ್ಮೆಪಡುತ್ತಿದ್ದರು. ರೋಗಿಯ ಕುರ್ಚಿ ಬಹಳ ಹಳೆಯದು. ಪೆಡಲು ತುಳಿದು ಎಷ್ಟೇ ಮೇಲಕ್ಕೆ ಎತ್ತಿದರೂ ಕೂತವರನ್ನು ನಿಟ್ಟುಸಿರು ಬಿಡುತ್ತ ನಿಧಾನವಾಗಿ ಕೆಳಗಿಳಿಸುತ್ತಿತ್ತು. ರಾತ್ರಿಯಾದರೆ ಮಹಡಿಯ ಹಲಗೆಗಳ ಮೂಲಕ ಅತ್ತೆಯ ಗೊರಕೆ ನನ್ನ ಕೋಣೆಗೆ ಏರಿಬರುತ್ತಿತ್ತು. ಅದು ಸಾಮಾನ್ಯ ಗೊರಕೆಯಲ್ಲ. ಮೊದಲು ಭಾರವಾದ ಮೇಜೊಂದನ್ನು ಎಳೆದ ಸದ್ದು, ಆಮೇಲೆ ತುಸು ಮೌನ, ಕೊನೆಗೆ ತೆಳ್ಳನೆಯ ಒಂದು ಸೀಟಿ. ಮಾವನ ಮಗಳು ಮದುವೆಯಾಗಿ ಹೋದ ಹೊಸತರಲ್ಲಿ, "ಅಮ್ಮನ ಸೀಟಿ ಕೇಳ್ದೆ ನಿದ್ದೇನೇ ಹತ್ತಲ್ಲ" ಎಂದು ಗೊಣಗಿದ್ದಳಂತೆ.

ಈ ಮಗಳು ನನಗಿಂತ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಮಾವ ಪುಟ್ಟಿ ಎನ್ನುತ್ತಿದ್ದರು. ಅವಳ ಗಂಡನ ಮನೆ ಹೊಳೆಯ ಆಚೆ ದಡದಲ್ಲಿತ್ತು. ಆಚೆ ದಡ ಎಂದರೆ ಬೇರೆ ದೇಶ. ಆದರೆ ಅದು ನಕ್ಷೆಯ ಮಾತು. ಎರಡೂ ಕಡೆಯವರ ಮಾತು ಒಂದೇ, ಬೈಗುಳವೂ ಒಂದೇ, ನಡುವೆ ಒಂದು ಸೇತುವೆ. ಭಾನುವಾರ ಬಂತೆಂದರೆ ಮಾವ ಕೋಟು ಕೊಡವಿ ಹಾಕಿಕೊಂಡು, ಬಲಕ್ಕೆ ವಾಲಿಕೊಂಡು, ಸೇತುವೆ ದಾಟಿ ಮಗಳ ಮನೆಯಲ್ಲಿ ಊಟ ಮಾಡಿ, ಅಲ್ಲಿಯ ನೆರೆಹೊರೆಯವರ ಹಲ್ಲುಗಳನ್ನೆಲ್ಲ ಪುಕ್ಕಟೆ ಪರೀಕ್ಷಿಸಿ ಸಂಜೆಗೆ ಮರಳುತ್ತಿದ್ದರು.

ಹೊಳೆಯ ನಡುವೆ ಒಂದು ಮರಳ ದಿಬ್ಬವಿತ್ತು. ಬೇಸಗೆಯಲ್ಲಿ ಏಳುತ್ತಿತ್ತು, ನೀರು ಬಂದಾಗ ಮುಳುಗುತ್ತಿತ್ತು. ಕೊಕ್ಕರೆಗಳು ಒಂಟಿಕಾಲಲ್ಲಿ ನಿಲ್ಲುವುದಕ್ಕಲ್ಲದೆ ಬೇರೆ ಉಪಯೋಗಕ್ಕೆ ಅದು ಬಂದದ್ದನ್ನು ಕಂಡವರಿಲ್ಲ. ಆ ದಿಬ್ಬ ಯಾರದು ಎಂಬ ಪ್ರಶ್ನೆ ಆ ವರ್ಷ ಎರಡು ರಾಜಧಾನಿಗಳಲ್ಲಿ ಏಕಕಾಲಕ್ಕೆ ಹುಟ್ಟಿತು. ನೋಡನೋಡುತ್ತಿದ್ದಂತೆ ಸೇತುವೆಗೆ ಅಡ್ಡಗಟ್ಟೆ ಬಿತ್ತು, ದೂರವಾಣಿಯ ತಂತಿ ಕಡಿದರು, ಅಂಚೆ ನಿಂತಿತು, ಊರ ಹಿಂದಿನ ಗುಡ್ಡದ ಮೇಲೆ ಫಿರಂಗಿಗಳು ಬಂದು ಆಚೆ ದಡಕ್ಕೆ ಮುಖ ಮಾಡಿ ಕೂತವು. ಆಚೆಯ ಗುಡ್ಡದ ಮೇಲೂ ಅಷ್ಟೇ. ಶಾಲೆ ಮುಚ್ಚಿತು. ಜನ ಕಿಟಕಿಯ ಗಾಜುಗಳಿಗೆ ಕಾಗದದ ಪಟ್ಟಿ ಅಂಟಿಸಿದರು. ಪುಟ್ಟಿ ಆಗ ತುಂಬು ಬಸುರಿ.

ಮಾವ ಆಯುಧಗಳನ್ನು ಸೃಷ್ಟಿಸಲು ಆರಂಭಿಸಿದ್ದು ಆಗಲೇ.

ಕೆಳಗಿನ ಬೀದಿಯ ಔಷಧಿ ಅಂಗಡಿಯ ಯಜಮಾನರು ಅದಕ್ಕೆ ನಿಮಿತ್ತರಾದರು. ಅವರು ಕೆಟ್ಟವರಲ್ಲ, ಕೇವಲ ರೇಡಿಯೋ ಕೇಳುವವರು. ಬೆಳಗಿನ ವಾರ್ತೆಯಲ್ಲಿ ಕೇಳಿದ ಕ್ಷಿಪಣಿಗಳ ಉದ್ದ, ತೂಕ, ಓಟ ಎಲ್ಲವನ್ನೂ ಉರುಹೊಡೆದುಕೊಂಡು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸಡಿಲವಾಗಿದೆಯೆಂಬ ನೆಪದಲ್ಲಿ ನಮ್ಮ ಹಜಾರದ ಬೆಂಚಿಗೆ ಬಂದು ಒಪ್ಪಿಸುತ್ತಿದ್ದರು. ಅವರಿಗೆ ಆವೇಶ ಬಂದಾಗ ಸೆಟ್ಟು ಕಟಕಟನೆ ತಾಳ ಹಾಕುತ್ತಿತ್ತು. ಒಂದು ದಿನ, "ನಮ್ಮೋರ ಹೊಸಾ ಕ್ಷಿಪಣಿ ಹಾರಿದ್ರೆ ಆ ದಡದಲ್ಲಿ ಒಂದು ಗೋಡೆ ನಿಲ್ಲಲ್ಲ, ತಿಳ್ಕೊಳ್ಳಿ!" ಎಂದು ಕೈ ಎತ್ತಿದರು. ಬೆಂಚಿನ ಮೇಲಿದ್ದವರು ಒಳಕೋಣೆಯ ಬಾಗಿಲ ಕಡೆ ನೋಡಿದರು. ಮಗಳ ಮನೆ ಎಲ್ಲಿದೆಯೆಂದು ಗೊತ್ತಿಲ್ಲದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಯಜಮಾನರಿಗೂ ಗೊತ್ತಿತ್ತು, ಮಾತಿನ ಭರದಲ್ಲಿ ಮರೆತಿದ್ದರು. ಮಾವ ಬಾಗಿಲಿಗೆ ಬಂದು ಅವರ ಬಾಯನ್ನೇ ದಿಟ್ಟಿಸಿ, "ಮೊದಲು ನಿಮ್ಮ ಬಾಯಲ್ಲಿರೋದು ಹಾರದ ಹಾಗೆ ನೋಡ್ಕೊಳ್ಳೋಣ, ಬನ್ನಿ," ಎಂದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಸೆಟ್ಟು ತೆಗೆದು ಕೈಯಲ್ಲಿ ಹಿಡಿದ ಮೇಲೆ, ಯಜಮಾನರಿಗೆ ಪ್ರತ್ಯುತ್ತರದ ಸಾಧನವೇ ಇಲ್ಲವಾಯಿತಷ್ಟೆ, ಮಾವ ಗಂಟಲು ಸರಿಮಾಡಿಕೊಂಡರು.

"ನಂಬಲರ್ಹ ಮೂಲಗಳ ಪ್ರಕಾರ ಅದಕ್ಕಿಂತ ದೊಡ್ಡದೊಂದು ತಯಾರಾಗಿದೆ. ಆಕಳಿಕೆ ಬಾಂಬು. ಬಿದ್ದ ಕಡೆ ಒಬ್ಬ ಸಿಪಾಯಿ ಆಕಳಿಸ್ತಾನೆ. ಅವನ್ನ ನೋಡಿ ಪಕ್ಕದೋನು. ಅವನ್ನ ನೋಡಿ ಇನ್ನೊಬ್ಬ. ಸೇನಾಪತಿ 'ಹೊಡೀರಿ' ಅನ್ನೋಕೆ ಬಾಯಿ ತೆಗೀತಾನಲ್ಲ, ಅದು ಮುಚ್ಚೋದೇ ಇಲ್ಲ. ಒಂದೇ ತೊಂದ್ರೆ. ನಮ್ಮೋರು ದುರ್ಬೀನಲ್ಲಿ ನೋಡಿದ್ರೆ ನಮಗೂ ಅಂಟುತ್ತೆ. ಅದಕ್ಕೇ ನಮ್ಮ ಸೈನ್ಯಾನ ಬೆನ್ನು ತಿರುಗಿಸಿ ನಿಲ್ಸೋದು ಅಂತ ತೀರ್ಮಾನ ಆಗಿದೆ."

ಯಜಮಾನರು ಬೊಚ್ಚುಬಾಯಿಯಲ್ಲಿ ನಕ್ಕರು, ನಗುತ್ತಲೇ ಆಕಳಿಸಿದರು. ಬೆಂಚಿನವರೂ ಒಬ್ಬೊಬ್ಬರಾಗಿ ಆಕಳಿಸಿದರು. ಆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಯುದ್ಧದ ಮಾತು ಮುಂದುವರಿಯಲಿಲ್ಲ.

ಆಮೇಲೆ ಅದು ದಿನಚರಿಯಾಯಿತು. ಜನ ಹಲ್ಲುನೋವಿಲ್ಲದೆಯೂ ಬಂದು ಕೂತು, "ಡಾಕ್ಟ್ರೇ, ಇವತ್ತು ಏನು ಹೊಸದು?" ಎನ್ನುತ್ತಿದ್ದರು. ವೈರಿಯ ಷರಾಯಿಯ ಗುಂಡಿಗಳನ್ನೆಲ್ಲ ದೂರದಿಂದಲೇ ಸೆಳೆಯುವ ಅಯಸ್ಕಾಂತ ಒಂದು ದಿನ ಬಂತು; ಎರಡೂ ಕೈಯಲ್ಲಿ ಷರಾಯಿ ಹಿಡಿದವನು ಬಂದೂಕು ಹಿಡಿಯುವುದು ಯಾವ ಕೈಯಲ್ಲಿ? ಇನ್ನೊಂದು ದಿನ ಸಂಕೋಚದ ಕ್ಷಿಪಣಿ ಬಂತು. ಅದು ಹಾರಿಹೋಗಿ ಗುರಿಯ ಮನೆ ಮುಂದೆ ಇಳಿದು, ಕಾಲೊರೆಸಿಕೊಂಡು, ಬಾಗಿಲು ತಟ್ಟಿ, "ಯಾರಾದ್ರೂ ಇದ್ದೀರಾ?" ಎಂದು ಕೇಳುತ್ತದಂತೆ. ಒಳಗಿನಿಂದ "ಇದ್ದೀವಿ" ಎಂದರೆ, "ಹಾಗಾದ್ರೆ ಇನ್ನೊಂದ್ಸಲ ಬರ್ತೀನಿ" ಎಂದು ನಾಚಿ ವಾಪಸಾಗುತ್ತದಂತೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವ ಕಾಲದಲ್ಲಿ ನನ್ನ ಮಾವ ಬ್ರಹ್ಮಾಸ್ತ್ರವನ್ನೇ ಗುಬ್ಬಿ ಮಾಡಿ ಹಾರಿಸುತ್ತಿದ್ದರು. ನಾನು ಎಷ್ಟೋ ದಿನ ನಕ್ಕ ಮೇಲೆ ಒಂದು ಸಂಗತಿ ಗಮನಿಸಿದೆ. ಈ ಆಯುಧಗಳಲ್ಲಿ ಒಂದಾದರೂ ಒಂದು ಹಂಚನ್ನೂ ಒಡೆಯುತ್ತಿರಲಿಲ್ಲ. ಅವರ ತಲೆಯೊಳಗೆ ಹುಟ್ಟಿದ ಪ್ರತಿಯೊಂದು ಬಾಂಬೂ ಮೊದಲು ಪುಟ್ಟಿಯ ಮಾಡಿನ ಮೇಲೆ ಬಿದ್ದು, ಅಲ್ಲಿ ಪರೀಕ್ಷೆಗೊಳಗಾಗಿ, ನಿರಪಾಯವೆಂದು ಖಚಿತವಾದ ಮೇಲೆಯೇ ನಮ್ಮ ಹಜಾರಕ್ಕೆ ಬರುತ್ತಿತ್ತು. ಅದು ತಿಳಿದ ಮೇಲೆ ನನಗೆ ಮೊದಲಿನಂತೆ ನಗಲಾಗಲಿಲ್ಲ.

ಸಂಜೆಯಾದರೆ ಮಾವ ಸೇತುವೆಯ ಅಡ್ಡಗಟ್ಟೆಯವರೆಗೆ ನಡೆದುಹೋಗಿ, ಕಾವಲಿನ ಸಿಪಾಯಿಗಳ ಬಾಯಿ ನೋಡಿ ಕುಶಲ ವಿಚಾರಿಸಿ, ಆಚೆ ದಡದ ಮನೆಗಳನ್ನು ಒಂದಿಷ್ಟು ಹೊತ್ತು ನೋಡಿ ಬರುತ್ತಿದ್ದರು. ಅತ್ತೆ ಬರುತ್ತಿರಲಿಲ್ಲ. ಇಕ್ಕಳ ಕುದಿಸುತ್ತಿದ್ದರು. ಬೇಕಾದುದಕ್ಕಿಂತ ಹೆಚ್ಚು ಕುದಿಸುತ್ತಿದ್ದರು. ಆ ದಿನಗಳಲ್ಲಿ ನಮ್ಮ ಊರಿನಷ್ಟು ಶುದ್ಧವಾದ ಇಕ್ಕಳಗಳು ಜಗತ್ತಿನಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ಇನ್ನೊಂದು ಮಾತು: ಸೇತುವೆ ಮುಚ್ಚಿದಂದಿನಿಂದ ಮಹಡಿಯ ಹಲಗೆಗಳ ಮೂಲಕ ನನ್ನ ಕೋಣೆಗೆ ಯಾವ ಸದ್ದೂ ಬರುತ್ತಿರಲಿಲ್ಲ. ಮೇಜು ಎಳೆಯುವುದಿಲ್ಲ, ಸೀಟಿಯೂ ಇಲ್ಲ.

ಫಿರಂಗಿ ಪಡೆಯ ನಾಯಕರು ಬಂದದ್ದು ಇಂಥದೊಂದು ಬೆಳಿಗ್ಗೆ. ನಡುವಯಸ್ಸಿನ, ಗಿರಿಜಾ ಮೀಸೆಯ, ಬೆನ್ನು ನೆಟ್ಟಗಿದ್ದ ಮನುಷ್ಯ. ಎಡ ಕೆನ್ನೆ ಮಾತ್ರ ಊದಿಕೊಂಡು ಮೀಸೆಯ ಒಂದು ತುದಿಯನ್ನು ಕಣ್ಣಿನವರೆಗೆ ಎತ್ತಿತ್ತು. ಗುಡ್ಡದ ಮೇಲಿನ ಫಿರಂಗಿಗಳಿಗೆ ಎಲ್ಲಿ ಹೊಡೆಯಬೇಕೆಂದು ಹೇಳುವವರು ಇವರೇ ಎಂದು ಔಷಧಿ ಅಂಗಡಿಯ ಯಜಮಾನರು ಬೆಂಚಿನವರಿಗೆ ಪಿಸುಗುಟ್ಟಿದರು. ಅಂಥವರು ಮಾವನ ಕೈಯಲ್ಲಿನ ಸೂಜಿ ಕಂಡೊಡನೆ ಕುರ್ಚಿಯ ಎರಡೂ ಹಿಡಿಗಳನ್ನು ಬಿಗಿಯಾಗಿ ಹಿಡಿದು, "ಇದು ಬೇಕೇ ಬೇಕಾ?" ಎಂದು ಕೇಳಿದರು. ಕುರ್ಚಿ ನಿಟ್ಟುಸಿರು ಬಿಟ್ಟು ಕೆಳಗಿಳಿಯತೊಡಗಿತು.

"ಬಾಯಿ ತೆಗೀರಿ ಸಾರ್. ನಿಮ್ಮ ಇಲಾಖೆಗೇ ಸಂಬಂಧಪಟ್ಟದ್ದು ಒಂದು ಹೇಳ್ಬೇಕು," ಎಂದರು ಮಾವ. "ನಂಬಲರ್ಹ ಮೂಲಗಳ ಪ್ರಕಾರ, ಗೊರಕೆ ಫಿರಂಗಿ ಬಂದಿದೆ. ಮದ್ದೂ ಬೇಡ, ಗುಂಡೂ ಬೇಡ. ಹಲ್ಲಿನ ಡಾಕ್ಟ್ರ ಹೆಂಡ್ತೀನ ಸೇತುವೆ ಮೇಲೆ ಮಂಚ ಹಾಕಿ ಮಲಗಿಸೋದು, ಎದುರಿಗೆ ಒಂದು ಧ್ವನಿವರ್ಧಕ. ಮೊದಲನೇ ಹಂತದಲ್ಲಿ ನೆಲ ನಡುಗುತ್ತೆ. ಆಮೇಲೆ ಸದ್ದೇ ಇಲ್ಲ. ವೈರಿ, ಸದ್ಯ ನಿಂತಿತು, ಅಂತ ಕಣ್ಣು ಮುಚ್ತಾನೆ. ಆಗ ಬರುತ್ತೆ ನೋಡಿ ಸೀಟಿ! ಒಂದು ವಾರ ನಿದ್ದೆ ಇಲ್ಲ ಅಂದ್ಮೇಲೆ ಯಾವ ಸೈನ್ಯ ತಾನೆ..."

ಸೂಜಿ ಒಳಗೆ ಹೋಗಿ ಹೊರಗೆ ಬಂದದ್ದು ನಾಯಕರಿಗೆ ಗೊತ್ತೇ ಆಗಲಿಲ್ಲ. ಮರಗಟ್ಟಿದ ತುಟಿಯ ಸಂದಿಯಿಂದ ನೀರು ಸುರಿಸುತ್ತ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಕ್ಕಳದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಕೆಂಪಾಯಿತು. ಈ ಒಂದು ತಮಾಷೆಯನ್ನು ಊರವರ ಮುಂದೆ ಆಡಕೂಡದೆಂದು ಆಕೆ ಹಿಂದೆಯೇ ತಾಕೀತು ಮಾಡಿದ್ದರು. ನಿದ್ದೆಯೇ ಇಲ್ಲದೆ ಕಣ್ಣ ಕೆಳಗೆ ಕಪ್ಪು ಕಟ್ಟಿದ್ದ ಹೆಂಗಸನ್ನು ನಿದ್ದೆಗಾಗಿ ಆಡಿಕೊಂಡರೆ ಯಾರಿಗೆ ತಾನೆ ಸಹ್ಯವಾದೀತು? ನನಗೂ ಮಾವನ ಮೇಲೆ ಸಿಟ್ಟು ಬಂತು. ಆದರೆ ಈಗ ಯೋಚಿಸಿದರೆ ಅವರು ಆಡಿಕೊಳ್ಳುತ್ತಿರಲಿಲ್ಲ. ಆ ಸದ್ದು ಅವರಿಗೆ ಬೇಕಾಗಿತ್ತು. ಮನೆಯಲ್ಲಿ ಕೇಳದೆ ಹೋದದ್ದನ್ನು ಬಾಯಿಯಲ್ಲಿ ಕರೆಯುತ್ತಿದ್ದರು.

ಹಲ್ಲು ಕಿತ್ತಾಯಿತು. ನಾಯಕರು ಹತ್ತಿ ಕಚ್ಚಿಕೊಂಡು ಸುಧಾರಿಸಿಕೊಳ್ಳುತ್ತ ಕೂತಿದ್ದಾಗ ಎದುರಿನ ಹಲಗೆಯ ಮೇಲಿದ್ದ ಪುಟ್ಟ ಅಚ್ಚೊಂದು ಅವರ ಕಣ್ಣಿಗೆ ಬಿತ್ತು. ಸುಣ್ಣದ ಕಲ್ಲಿನಂಥ ಬಿಳಿಯ ಅಚ್ಚು, ಮಗುವಿನ ದವಡೆ, ಮುಂದಿನ ಎರಡು ಹಲ್ಲಿನ ಜಾಗ ಖಾಲಿ.

"ಯಾರ್ದು ಇದು?" ಎಂದರು ತೊದಲುತ್ತ.

"ನನ್ನ ಮಗಳದು. ಹಾಲುಹಲ್ಲು ಬಿದ್ದಾಗ ತೆಗೆದದ್ದು." ಮಾವ ಕೈ ತೊಳೆಯುತ್ತ ಹೇಳಿದರು. "ಈಗ ಆ ದಡದಲ್ಲಿದಾಳೆ. ದಿನ ತುಂಬಿದೆ. ಹೆರಿಗೆ ಆಯ್ತೋ ಇಲ್ವೋ ಅದೂ ಗೊತ್ತಿಲ್ಲ."

ನಾಯಕರ ಮುಖದಿಂದ ನಗು ಇಳಿಯಿತು. ಆ ಅಚ್ಚನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದರು. ಆಮೇಲೆ ಹತ್ತಿಯನ್ನು ಕೆನ್ನೆಯ ಬದಿಗೆ ಸರಿಸಿಕೊಂಡು, ದನಿ ತಗ್ಗಿಸಿ, "ಡಾಕ್ಟ್ರೇ, ಯಾವ ಮನೆ ಹೇಳಿ. ಗುಡ್ಡದ ಮೇಲಿಂದ ಆ ದಡದ ಒಂದೊಂದು ಮನೇನೂ ಕಾಣುತ್ತೆ. ಗುರಿ ಹೇಳೋನು ನಾನೇ. ನಾಳೆ ಏನಾದ್ರೂ ಆದ್ರೂ, ಅದೊಂದನ್ನ ಬಿಟ್ಬಿಡ್ತೀನಿ. ನನ್ನ ಮಾತು," ಎಂದರು.

ಅವರು ಮನಸಾರೆ ಹೇಳಿದ ಮಾತು ಅದು. ಅವರ ಮುಖದಲ್ಲಿ ಅದು ಕಾಣುತ್ತಿತ್ತು. ಅತ್ತೆಯ ತುಟಿ ಆಗಲೇ ಅಲುಗಿತ್ತು. ನೀಲಿ ಬಣ್ಣದ ನೀರಿನ ತೊಟ್ಟಿ, ಅದರ ಪಕ್ಕದ ಮನೆ ಎಂಬ ಮಾತು ಆಕೆಯ ನಾಲಿಗೆಯ ತುದಿಯಲ್ಲಿತ್ತು. ಮಾವ ನಲ್ಲಿ ನಿಲ್ಲಿಸಿ ತಿರುಗಿ ಆಕೆಯನ್ನು ನೋಡಿದರು. ಬಾಯನ್ನಲ್ಲ. ಕಣ್ಣನ್ನು ನೋಡಿದರು. ಅವರು ಹಾಗೆ ಯಾರನ್ನಾದರೂ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅತ್ತೆಯ ಮಾತು ಅಲ್ಲೇ ಉಳಿಯಿತು.

"ಬೇಡ ಸಾರ್," ಎಂದರು ಮಾವ. "ಹೇಳಿದ್ರೆ ಅದೊಂದು ಮನೆ ಉಳಿಯುತ್ತೆ. ಹೇಳದೆ ಇದ್ರೆ, ನೀವು ಯಾವ ಮನೆ ನೋಡಿದ್ರೂ, ಇದೇ ಇರ್ಬಹುದೇನೋ ಅನ್ಸುತ್ತೆ. ನನಗೆ ಅಷ್ಟು ಸಾಕು. ಎರಡು ದಿನ ಬಿಸಿ ಏನೂ ಕುಡೀಬೇಡಿ."

ನಾಯಕರು ಟೋಪಿ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೊರಟುಹೋದರು.

ಅತ್ತೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಬಾಗಿಲು ಮುಚ್ಚಿದ ಮೇಲೆ ಆಕೆಯ ಸಹನೆಯ ಕಟ್ಟೆಯೊಡೆಯಿತು. "ಹೇಳ್ಬಾರ್ದಿತ್ತಾ? ಒಂದು ಮಾತು, ಒಂದೇ ಒಂದು ಮಾತು! ಊರೋರಿಗೆಲ್ಲ ನನ್ನ ಗೊರಕೆ ಕತೆ ಹೇಳೋಕೆ ನಾಲಿಗೆ ಇದೆ, ಹೆತ್ತ ಮಗಳ ಮನೆ ತೋರ್ಸೋಕೆ ಇಲ್ವಾ? ದೊಡ್ಡ ಧರ್ಮರಾಯ ಆಗೋಕೆ ಹೊರಟ್ರಿ ನೀವು. ಹೊಟ್ಟೇಲಿ ಹೊತ್ತೋಳು ನಾನು ರೀ, ನಾನು!"

ಮಾವ ಅಚ್ಚನ್ನು ಕೋಟಿನ ತೋಳಿನಿಂದ ಒರೆಸಿ ಇದ್ದಲ್ಲಿಯೇ ಇಟ್ಟರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವುದು ಆ ಮನೆಯಲ್ಲಿ ಸುಳ್ಳಾಯಿತು. ಅಂದಿನಿಂದ ಅತ್ತೆ ಗಂಡನೊಡನೆ ನೇರ ಮಾತಾಡುವುದನ್ನೇ ನಿಲ್ಲಿಸಿದರು. ಊಟಕ್ಕೆ ಕರೆಯಬೇಕಾದರೆ ಮಾವನ ಎದುರಿಗೇ ನಿಂತು, "ಅನ್ನ ಆರ್ತಿದೆ ಅಂತ ಹೇಳಪ್ಪ ಅವ್ರಿಗೆ" ಎಂದು ನನಗೆ ಹೇಳುತ್ತಿದ್ದರು. ಮಾವ, "ಬಂದೆ ಅಂತ ಹೇಳಪ್ಪ" ಎನ್ನುತ್ತಿದ್ದರು. ನಾನು ಎರಡು ದೇಶಗಳ ನಡುವಿನ ರಾಯಭಾರಿಯಾಗಿ ಸಾರು ಬಡಿಸಿಕೊಳ್ಳುತ್ತಿದ್ದೆ.

ನನ್ನ ಮನಸ್ಸು ಅತ್ತೆಯ ಕಡೆಗಿತ್ತು. ಒಂದು ಸಂಜೆ ಸೇತುವೆಯ ಹಾದಿಯಲ್ಲಿ ಅದನ್ನು ಹೇಳಿಯೂ ಬಿಟ್ಟೆ. "ಧರ್ಮ ಎಲ್ಲ ಸರಿ ಮಾವ, ಆದ್ರೆ ಅಕ್ಕ..."

ಅವರು ನಡೆಯುತ್ತಲೇ ಇದ್ದರು. "ಧರ್ಮಾನೂ ಇಲ್ಲ, ಕರ್ಮಾನೂ ಇಲ್ಲ ಕಣೋ. ಲೆಕ್ಕ ಹಾಕಿ ನೋಡು. ಅವಳ ಮನೆ ಒಂದು ಬಿಟ್ಟು ಪಕ್ಕದ ಮನೆಗೆ ಬೆಂಕಿ ಬಿತ್ತು ಅಂತಿಟ್ಕೋ. ಪುಟ್ಟಿ ಒಳಗೆ ಕೂತಿರ್ತಾಳೆ ಅಂದ್ಕೊಂಡ್ಯಾ? ಬಿಂದಿಗೆ ಹಿಡ್ಕೊಂಡು ಅಲ್ಲಿಗೇ ಓಡ್ತಾಳೆ. ನಿಮ್ಮತ್ತೆ ಮಗಳಲ್ವಾ ಅವಳು. ಒಂದು ಮನೆ ಉಳಿಸಿದ್ರೆ ಅವಳು ಉಳಿಯಲ್ಲಪ್ಪ. ಉಳಿದ್ರೆ ಎಲ್ಲ ಉಳೀಬೇಕು."

ಅಡ್ಡಗಟ್ಟೆಯ ಬಳಿ ಸಿಪಾಯಿಗಳು ಇವರನ್ನು ಕಂಡು ಏಕೋ ಮುಸಿಮುಸಿ ನಕ್ಕು, ಒಬ್ಬನು ಮೆಲ್ಲಗೆ ಸೀಟಿ ಹೊಡೆದ. ನನಗೆ ಆಗ ಅದರ ಅರ್ಥವಾಗಲಿಲ್ಲ. ಅಹಂಕಾರದ ಹುಡುಗರು ಎಂದುಕೊಂಡೆ.

ಮುಂದಿನ ದಿನಗಳನ್ನು ಊರು ಹಲ್ಲು ಕಚ್ಚಿಕೊಂಡು ಕಳೆಯಿತು. ಆಗಾಗ ಸೈರನ್ನು ಕೂಗುತ್ತಿತ್ತು. ಆಗ ಕುರ್ಚಿಯಲ್ಲಿದ್ದ ರೋಗಿ, ಬೆಂಚಿನಲ್ಲಿದ್ದವರು, ಒಲೆಯ ಮುಂದಿದ್ದ ಅತ್ತೆ ಎಲ್ಲರೂ ಇದ್ದಲ್ಲಿಯೇ ಉಸಿರು ಹಿಡಿದು ಗುಡ್ಡದ ಕಡೆ ಕಿವಿಗೊಡುತ್ತಿದ್ದೆವು. ಫಿರಂಗಿಗಳು ಮಾತಾಡಲಿಲ್ಲ. ಎರಡು ಸರ್ಕಾರಗಳ ಪ್ರಾಜ್ಞರು ಯಾವುದೋ ಮೂರನೆಯ ದೇಶದಲ್ಲಿ ದುಂಡುಮೇಜಿನ ಸುತ್ತ ಕೂತು ದಿಬ್ಬದ ಬಗೆಗೆ ವಾದಿಸುತ್ತಿದ್ದಾರೆಂದು ರೇಡಿಯೋ ಹೇಳಿತು. ಅವರು ವಾದಿಸುತ್ತಿದ್ದಂತೆ ಮೇಲಿನ ನಾಡುಗಳಲ್ಲಿ ಮಳೆಯಾಗಿ ಹೊಳೆಯಲ್ಲಿ ನೀರು ಏರಿತು, ದಿಬ್ಬ ತನ್ನ ವಾಡಿಕೆಯಂತೆ ಮುಳುಗಿತು, ಕೊಕ್ಕರೆಗಳು ಎದ್ದುಹೋದವು. ಇಲ್ಲದ ದಿಬ್ಬಕ್ಕಾಗಿ ಎಷ್ಟು ದಿನ ಕೂಗಾಡಲು ಸಾಧ್ಯ? ಮರ್ಯಾದೆಯಿಂದ ಹಿಂದೆ ಸರಿಯಲು ಇಬ್ಬರಿಗೂ ಒಂದು ನೆಪ ಬೇಕಿತ್ತು, ಸಿಕ್ಕಿತು. ಒಂದು ಮಧ್ಯಾಹ್ನ ಔಷಧಿ ಅಂಗಡಿಯ ಯಜಮಾನರು ಅಂಗಡಿಯ ಬಾಗಿಲನ್ನೂ ಹಾಕದೆ ಓಡಿಬಂದು, "ಸೇತುವೆ ತೆಗೆದ್ರು!" ಎಂದು ಕೂಗಿದರು. ಆ ಕೂಗಿಗೆ ಅವರ ಸೆಟ್ಟು ನಿಜಕ್ಕೂ ಹಾರಿ ಹಜಾರದ ನೆಲದ ಮೇಲೆ ಬಿತ್ತು. ಅದನ್ನು ಎತ್ತಿಕೊಂಡು ಅವರು ಅಳುತ್ತಿದ್ದರು.

ನಾವು ಹೊರಡುವ ಮೊದಲೇ ಪುಟ್ಟಿ ಬಂದಳು. ಗಂಡ ಹಿಂದೆ ಗಂಟು ಹೊತ್ತುಕೊಂಡು, ಇವಳು ಮುಂದೆ ಕೂಸು ಹೊತ್ತುಕೊಂಡು, ಮೆಟ್ಟಿಲು ಹತ್ತಿ ಹಜಾರಕ್ಕೆ ಬಂದು ಬೆಂಚಿನ ಮೇಲೆ ಕೂತಳು. ಅತ್ತೆ ಮಗಳ ತಲೆ, ಭುಜ, ಕೈಗಳನ್ನು ಮುಟ್ಟಿಮುಟ್ಟಿ ನೋಡಿದರು, ಮಾವ ಬಾಗಿ ಕೂಸಿನ ಬಾಯಿ ನೋಡಿ, "ಒಂದೂ ಇಲ್ವಲ್ಲೇ!" ಎಂದರು. ಆಮೇಲೆ ಎಲ್ಲರೂ ಅತ್ತು ಮುಗಿದ ಮೇಲೆ ಪುಟ್ಟಿ ಕಣ್ಣೊರೆಸಿಕೊಂಡು ನಗತೊಡಗಿದಳು.

"ಅಮ್ಮಾ, ನಿನ್ನ ಗೊರಕೆ ನಮ್ಮ ದಡಕ್ಕೆ ಬಂದಿತ್ತು ಕಣೇ!"

ಅತ್ತೆಗೆ ಅರ್ಥವಾಗಲಿಲ್ಲ. ಪುಟ್ಟಿ ಬಿಡಿಸಿ ಹೇಳಿದಳು. "ಹಾಲಿನ ಸಾಲಲ್ಲಿ ನಿಂತಿದ್ದೆ. ಫೋನಿಲ್ಲ, ಕಾಗದ ಇಲ್ಲ, ನೀವಿಬ್ರೂ ಇದ್ದೀರೋ ಇಲ್ವೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ನನ್ನ ಮುಂದೆ ಒಬ್ಳು ಸಿಪಾಯಿ ಹೆಂಡ್ತಿ. ಅವಳು ಇನ್ನೊಬ್ಳಿಗೆ ಹೇಳ್ತಿದ್ಳು, 'ಸೇತುವೆ ಕಾವಲಲ್ಲಿ ಆ ಕಡೆಯೋರು ನಮ್ಮನೆಯೋರಿಗೆ ಕೂಗಿ ಹೆದರಿಸ್ತಾರಂತೆ, ನಮ್ಹತ್ರ ಹಲ್ಲಿನ ಡಾಕ್ಟ್ರ ಹೆಂಡ್ತಿ ಗೊರಕೆ ತುಂಬಿದ ಫಿರಂಗಿ ಇದೆ, ಜೋಕೆ, ಅಂತ. ಕೊನೇಲಿ ಸೀಟಿ ಬೇರೆ ಹೊಡಿಯುತ್ತಂತೆ!' ಸೀಟಿ ಅಂದಿದ್ದೇ ತಡ, ನನಗೆ ಗೊತ್ತಾಗೋಯ್ತು. ಅಪ್ಪ ತಮಾಷೆ ಮಾಡ್ತಿದಾರೆ. ಅಮ್ಮ ನಿದ್ದೆ ಮಾಡ್ತಿದಾಳೆ. ಇನ್ನೇನು ಬೇಕು? ನಗು ಶುರುವಾಯ್ತು ನೋಡು, ನಿಲ್ಲಿಸೋಕೇ ಆಗ್ಲಿಲ್ಲ. ನಗ್ತಾ ನಗ್ತಾನೇ ನೋವು ಬಂತು."

ಆಸ್ಪತ್ರೆಯ ದಾರಿಯನ್ನು ಸೈನ್ಯದವರು ಮುಚ್ಚಿದ್ದರಂತೆ. ಪಕ್ಕದ ಮನೆಯಾಕೆ ಓಡಿಬಂದು ನೀರು ಕಾಯಿಸಿ, ಹೆರಿಗೆ ಮಾಡಿಸಿ, ಕೂಸನ್ನು ತಲೆಕೆಳಗೆ ಮಾಡಿ ಬೆನ್ನು ತಟ್ಟಿ ಅಳಿಸಿದಳಂತೆ. "ಅವರಿಲ್ದೆ ಹೋಗಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ," ಎಂದಳು ಪುಟ್ಟಿ, ನೀರು ಕೇಳುವಷ್ಟೇ ಸಹಜವಾಗಿ.

ಗುಡ್ಡದ ನಾಯಕರು ಸೇತುವೆಯ ಸಿಪಾಯಿಗಳಿಗೆ ಹೇಳಿದ್ದಾರೆ, ಅವರು ಬೇಸರ ಕಳೆಯಲು ಆಚೆಯವರಿಗೆ ಕೂಗಿದ್ದಾರೆ, ಆಚೆಯವರು ಮನೆಗೆ ಹೋಗಿ ಹೆಂಡತಿಯರಿಗೆ ಹೇಳಿದ್ದಾರೆ. ತಂತಿಗಳು ಕಡಿದುಹೋಗಿದ್ದ ಕಾಲದಲ್ಲಿ ಸುದ್ದಿ ಹೀಗೆ ದಾಟಿತ್ತು. ಪಕ್ಕದ ಮನೆಯಾಕೆಯ ವಿಷಯ ಬಂದಾಗಲೇ ಅತ್ತೆಯ ಮುಖ ಬಾಗಿತ್ತು. ಕಡೆಗೆ ತಲೆಯೆತ್ತಿ ನನ್ನನ್ನು ದಾಟಿ ಗಂಡನನ್ನೇ ನೋಡಿ, "ರೀ, ಆ ಕೋಟು ಕೊಡಿ ಇಲ್ಲಿ. ಒಗೆದು ಎಷ್ಟು ದಿನ ಆಯ್ತೋ ಏನೋ," ಎಂದರು. ಮಾವ ತಕರಾರಿಲ್ಲದೆ ಬಿಚ್ಚಿ ಕೊಟ್ಟರು. ಕೋಟಿಲ್ಲದ ಅವರನ್ನು ನಾನು ಗುರುತಿಸುವುದೇ ಕಷ್ಟವಾಯಿತು.

ಕೋಟಿನ ಜೇಬುಗಳನ್ನು ಖಾಲಿ ಮಾಡುತ್ತ ಅತ್ತೆ ಒಳಗಿನ ಕೋಣೆಗೆ ಹೋಗಿ ರೋಗಿಯ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ನಾನು ಇಣುಕಿ ನೋಡಿದೆ. ಮಡಿಲಲ್ಲಿ ಕೋಟು, ಅಂಗೈಯಲ್ಲಿ ಹತ್ತಿಯ ಉಂಡೆ, ತಲೆ ಹಿಂದಕ್ಕೆ ಒರಗಿತ್ತು. ಕುರ್ಚಿ ನಿಟ್ಟುಸಿರು ಬಿಡುತ್ತ ಅವರನ್ನು ಮೆಲ್ಲಗೆ ಕೆಳಗಿಳಿಸಿತು. ಆಮೇಲೆ ಭಾರವಾದ ಮೇಜೊಂದನ್ನು ಯಾರೋ ಎಳೆದರು. ಹಜಾರದಲ್ಲಿ ಎಲ್ಲರ ಮಾತು ನಿಂತಿತು. ತುಸು ಮೌನ. ಪುಟ್ಟಿ ಕೂಸನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿ ಕಾದಳು. ಸೀಟಿ ಬಂತು.

ಕೂಸು ಒಮ್ಮೆ ಬಾಯಿ ತೆರೆದು ಆಕಳಿಸಿತು. ಮಾವ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ಬೆಂಚಿನವರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, "ನಂಬಲರ್ಹ ಮೂಲಗಳ ಪ್ರಕಾರ..." ಎಂದರು. ಮುಂದಕ್ಕೆ ಹೇಳಲು ಅವರಿಂದಾಗಲಿಲ್ಲ. ಅಂದು ಮಧ್ಯಾಹ್ನ ಬಂದ ರೋಗಿಗಳನ್ನೆಲ್ಲ ನಾಳೆ ಬರಹೇಳಿ ಕಳಿಸಿದೆವು.

ಸಂಕಟದ ಕಾಲದಲ್ಲಿ ನಗುವವರನ್ನು ನಾವು ಸಾಮಾನ್ಯವಾಗಿ ಹಗುರ ಜನ ಎಂದು ತಿಳಿಯುತ್ತೇವೆ. ನಾಡು ಹೊತ್ತಿ ಉರಿಯುವಾಗ ಇವನಿಗೇನು ಚೆಲ್ಲಾಟ ಎನ್ನುತ್ತೇವೆ. ಆದರೆ ಅಂಥ ಮನೆಯಲ್ಲಿ ಒಂದು ವರ್ಷ ಬಾಳಿದ ನನಗೆ ಬೇರೆಯೇ ತೋರುತ್ತದೆ. ಅವರು ಭಯವನ್ನು ಕಾಣದವರಲ್ಲ. ಎಲ್ಲರಿಗಿಂತ ಸಮೀಪದಿಂದ, ಹೆತ್ತ ಮಕ್ಕಳ ಮಾಡಿನ ಮೇಲೆಯೇ ಕಂಡವರು. ದೊಡ್ಡ ಮಾತು ಆಡಲು ಅವರಿಗೆ ಬಾರದು, ಉಪದೇಶಿಸಲು ನಾಚಿಕೆ. ಆದ್ದರಿಂದ ಕುರ್ಚಿಯಲ್ಲಿ ಕೂತವರ ಬಾಯಿ ತೆರೆಸಿ, ನೋವು ತಿಳಿಯದ ಹಾಗೆ, ಒಳಗಿನ ಕೊಳೆತ ಬೇರನ್ನು ಕಿತ್ತು ಕಳಿಸುತ್ತಾರೆ. ಎಲ್ಲ ದೇಶಗಳಲ್ಲೂ, ಎಲ್ಲ ಹೊಳೆಗಳ ಎರಡೂ ದಡಗಳಲ್ಲೂ ಇಂಥವರು ಒಬ್ಬಿಬ್ಬರಾದರೂ ಇರುತ್ತಾರೆಂದು ನಾನು ನಂಬಿದ್ದೇನೆ, ಹಾಗಿರುವುದರಿಂದಲೇ ಸೇತುವೆಗಳು ಮತ್ತೆ ತೆರೆಯುತ್ತವೆ ಎಂದೂ ನಂಬಿದ್ದೇನೆ. ಅವರೂ ಆಯುಧಗಳನ್ನು ಮಾಡುವವರೇ. ಆದರೆ ಅವರ ಆಯುಧಕ್ಕೆ ಗುರಿಯಾದವನು ಸಂಜೆ ಮನೆಗೆ ಮರಳಿ, ಕಾಲು ತೊಳೆದು, ಹೆಂಡತಿಗೆ ಅದರ ಕತೆ ಹೇಳಿ ನಗಬೇಕು.